ಆಪರೇಷನ್ ಆದ ಮೇಲೆ ಅಪ್ಪ ನನ್ನನ್ನೇ ಗುರುತಿಸುತ್ತಿಲ್ಲ. ಅಧ್ಯಯನಕ್ಕೆ ಸಹಿ ಹಾಕಲೇ?

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆರು ದಿನದ ಹಿಂದೆ ಆಪರೇಷನ್ ಆಯಿತು. ಮೊದಲ ದಿನ ಚೆನ್ನಾಗಿಯೇ ಮಾತಾಡಿದರು. ಎರಡನೇ ರಾತ್ರಿಯಿಂದ ಬೇರೆ ಮನುಷ್ಯರೇ ಆಗಿದ್ದಾರೆ. ಗೋಡೆ ಮೇಲೆ ಹುಳ ಹರಿಯುತ್ತಿದೆ ಎನ್ನುತ್ತಾರೆ. ಡ್ರಿಪ್ ಕಿತ್ತು ಹಾಕುತ್ತಾರೆ. ನನ್ನನ್ನೇ "ಯಾರು ನೀನು" ಎಂದು ಕೇಳಿದರು. ಬೆಳಿಗ್ಗೆ ಸ್ವಲ್ಪ ಸರಿ ಇರುತ್ತಾರೆ, ಸಂಜೆಯಾದರೆ ಮತ್ತೆ ಶುರು. ಒಂದು ರಾತ್ರಿ ಕೈ ಕಟ್ಟಿದ್ದರು. ನಿನ್ನೆಯಿಂದ ಗಲಾಟೆ ಇಲ್ಲ, ಸುಮ್ಮನೆ ಮಲಗಿದ್ದಾರೆ. ಸುಧಾರಿಸುತ್ತಿದ್ದಾರೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಪೂರ್ತಿ ಅರಿವಳಿಕೆ ಕೊಟ್ಟಿದ್ದರಿಂದ ಮೆದುಳಿಗೆ ಪೆಟ್ಟಾಗಿದೆ ಎಂದು ಒಬ್ಬರು, ಮರೆವಿನ ಕಾಯಿಲೆ ಶುರುವಾಗಿದೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಇದರ ನಡುವೆ ವೈದ್ಯರ ಒಂದು ತಂಡ ಬಂದು, ಇಂಥ ರೋಗಿಗಳಿಗೆ ಒಂದು ಔಷಧದ ಅಧ್ಯಯನ ನಡೆಯುತ್ತಿದೆ, ಸೇರಿಸಬಹುದಾ ಎಂದು ಸಮ್ಮತಿ ಪತ್ರ ಕೊಟ್ಟು ಹೋಗಿದೆ. ಅಪ್ಪನ ಪರವಾಗಿ ನಾನು ಸಹಿ ಹಾಕಬೇಕಂತೆ. ಅವರನ್ನು ಪ್ರಯೋಗಕ್ಕೆ ಒಪ್ಪಿಸಿದಂತಾಗುತ್ತದಾ? ಬೇಡ ಅಂದರೆ ಚಿಕಿತ್ಸೆಯಲ್ಲಿ ಕಡಿಮೆ ಮಾಡುತ್ತಾರಾ?

ಉತ್ತರ: ನಿಮ್ಮ ಪತ್ರದ ಒಂದು ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. "ನಿನ್ನೆಯಿಂದ ಗಲಾಟೆ ಇಲ್ಲ, ಸುಮ್ಮನೆ ಮಲಗಿದ್ದಾರೆ" ಎಂದಿದ್ದೀರಿ. ಸಹಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಇದು. ಓದಿದ ತಕ್ಷಣ ಅವರ ಪಕ್ಕ ಕೂತು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ ನೋಡಿ. ಶನಿವಾರ, ಶುಕ್ರವಾರ, ಗುರುವಾರ, ಹೀಗೆ. ನಡುವೆ ಎಳೆ ತಪ್ಪಿ ಮಾತು ಎಲ್ಲಿಗೋ ಹೋಗಬಹುದು. ಉತ್ತರ ಕೊಡುತ್ತಲೇ ಕಣ್ಣು ಮುಚ್ಚಬಹುದು. ಹಾಗಾದರೆ ಅದು ಸುಧಾರಣೆ ಅಲ್ಲ, ಕಾಯಿಲೆ ವೇಷ ಬದಲಿಸಿದೆ. ನರ್ಸ್‌ಗೂ ಡ್ಯೂಟಿ ಡಾಕ್ಟರಿಗೂ ಕೂಡಲೇ ಹೇಳಿ. ಎಬ್ಬಿಸುವುದೇ ಕಷ್ಟವಾದರೆ ಒಂದು ನಿಮಿಷವೂ ಕಾಯಬೇಡಿ.

ಅವರಿಗೆ ಆಗಿರುವುದು ಡೆಲಿರಿಯಂ ಎಂದು ನಿಮ್ಮ ವಿವರಣೆಯಿಂದ ಅನ್ನಿಸುತ್ತದೆ. ನಾನು ಅವರನ್ನು ನೋಡಿಲ್ಲ, ಹಾಗಾಗಿ ಕೊನೆಯ ಮಾತು ನೋಡಿಕೊಳ್ಳುತ್ತಿರುವ ವೈದ್ಯರದು. ಹೆಸರು ಇಂಗ್ಲಿಷ್ ಆದರೂ ವಿಷಯ ನಮಗೆ ಹೊಸದಲ್ಲ. ಜ್ವರ ಏರಿದಾಗ "ಸನ್ನಿ ಹಿಡಿದಿದೆ, ಏನೇನೋ ಬಡಬಡಿಸುತ್ತಿದ್ದಾರೆ" ಎಂದು ಹಿರಿಯರು ಹೇಳುತ್ತಿದ್ದರಲ್ಲ, ಅದೇ ಇದು. ಆ ಇಂಗ್ಲಿಷ್ ಪದ ಹುಟ್ಟಿದ್ದು ಲ್ಯಾಟಿನ್‌ನಲ್ಲಿ. ಉಳುವಾಗ ನೇಗಿಲು ಸಾಲು ಬಿಟ್ಟು ಹೋಗುವುದು ಎಂಬುದು ಅದರ ಮೂಲ ಅರ್ಥ. ನನಗೆ ಈ ಅರ್ಥ ತುಂಬಾ ಇಷ್ಟ. ಸಾಲು ತಪ್ಪಿದೆ ಅಷ್ಟೆ, ನೇಗಿಲು ಮುರಿದಿಲ್ಲ.

ಇದು ಅಪರೂಪವೂ ಅಲ್ಲ. ಆಸ್ಪತ್ರೆಯ ವಾರ್ಡುಗಳಲ್ಲಿ ಒಂದೇ ದಿನ ಎಲ್ಲ ರೋಗಿಗಳನ್ನೂ ಪರೀಕ್ಷಿಸಿ ನೋಡಿದ ಅಧ್ಯಯನಗಳಿವೆ. ಅವುಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಡೆಲಿರಿಯಂ ಇತ್ತು. ವಯಸ್ಸಾದವರಲ್ಲಿ, ಅದರಲ್ಲೂ ಸೊಂಟದ ಮೂಳೆ ಮುರಿದವರಲ್ಲಿ ಇನ್ನೂ ಜಾಸ್ತಿ. ಇದಕ್ಕೆ ಮೂರು ರೂಪ. ಒಂದರಲ್ಲಿ ರೋಗಿ ಕೂಗಾಡುತ್ತಾರೆ, ಕಿತ್ತೆಸೆಯುತ್ತಾರೆ. ಇನ್ನೊಂದರಲ್ಲಿ ಮಂಕಾಗಿ ಮಲಗಿಬಿಡುತ್ತಾರೆ. ಮೂರನೆಯದರಲ್ಲಿ ಎರಡೂ ಬಂದು ಬಂದು ಹೋಗುತ್ತವೆ. ಮಂಕು ರೂಪವೇ ವೈದ್ಯರ ಕಣ್ಣು ತಪ್ಪಿಸುವುದು ಜಾಸ್ತಿ, ಯಾಕೆಂದರೆ ಸುಮ್ಮನೆ ಮಲಗಿದವರ ಬಗ್ಗೆ ಯಾರೂ ದೂರು ಹೇಳುವುದಿಲ್ಲ. ನಾನು ವಾರ್ಡ್ ಕೆಲಸಕ್ಕೆ ಹೊಸದಾಗಿ ಸೇರಿದ್ದಾಗ ಅಂಥ ಒಬ್ಬ ಅಜ್ಜಿ ಇದ್ದರು. ಎರಡು ದಿನ ರೌಂಡ್ಸ್‌ನಲ್ಲಿ "ಆರಾಮಾಗಿ ನಿದ್ದೆ ಮಾಡುತ್ತಿದ್ದಾರೆ" ಎಂದು ಬರೆದು ಮುಂದೆ ಹೋದೆ. ಮೂರನೇ ದಿನ ಅವರ ಮಗಳು ನನ್ನನ್ನು ತಡೆದು, "ನಮ್ಮಮ್ಮ ಹಗಲು ಮಲಗುವವರೇ ಅಲ್ಲ ಡಾಕ್ಟ್ರೇ" ಅಂದರು. ಪರೀಕ್ಷೆ ಮಾಡಿಸಿದರೆ ನ್ಯುಮೋನಿಯಾ. ಅಜ್ಜಿ ಉಳಿದರು. ಆ ಎರಡು ದಿನ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ನಿಮ್ಮ ಸಾಲಿನ ಹತ್ತಿರ ನಿಂತದ್ದು ಅದಕ್ಕೇ.

ಈಗ ನಿಮ್ಮನ್ನು ಹೆದರಿಸಿದ ಆ ಎರಡು ಮಾತುಗಳಿಗೆ ಬರೋಣ.

ಪೂರ್ತಿ ಅರಿವಳಿಕೆಯಿಂದಲೇ ಹೀಗಾಯಿತು, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ದರೆ ಆಗುತ್ತಿರಲಿಲ್ಲ ಎನ್ನುವ ಮಾತು. ಇದನ್ನು ಬಹಳ ವರ್ಷ ವೈದ್ಯರೂ ನಂಬಿದ್ದರು. ಆಮೇಲೆ ಅದನ್ನು ಸರಿಯಾಗಿ ಪರೀಕ್ಷಿಸಿದರು. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಸೊಂಟದ ಮೂಳೆ ಮುರಿದ 1600 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಬೆನ್ನಿನ ಅರಿವಳಿಕೆ, ಇನ್ನೊಂದಕ್ಕೆ ಪೂರ್ತಿ ಅರಿವಳಿಕೆ. ಡೆಲಿರಿಯಂ ಬಂದದ್ದು ಬೆನ್ನಿನ ಗುಂಪಿನಲ್ಲಿ ಶೇ 20.5, ಪೂರ್ತಿ ಅರಿವಳಿಕೆಯ ಗುಂಪಿನಲ್ಲಿ ಶೇ 19.7. ಹೆಚ್ಚು ಕಡಿಮೆ ಒಂದೇ ಅಲ್ವಾ? ಚೀನಾದಲ್ಲಿ 950 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆದ್ದರಿಂದ ಅಂದು ಅರಿವಳಿಕೆಗೆ ಒಪ್ಪಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಮರೆವಿನ ಕಾಯಿಲೆಯ ಮಾತು ಸ್ವಲ್ಪ ಸಿಕ್ಕು. ಆ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಏರುತ್ತದೆ. ಡೆಲಿರಿಯಂ ಗಂಟೆ, ದಿನಗಳಲ್ಲಿ ಬರುತ್ತದೆ, ಬೆಳಿಗ್ಗೆ ಇಳಿದು ಸಂಜೆ ಏರುತ್ತದೆ. ನೀವು ಬರೆದಿರುವುದು ಎರಡನೆಯದರ ಹಾಗಿದೆ. ಆದರೆ ಎರಡಕ್ಕೂ ಸಂಬಂಧವೇ ಇಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ಮೊದಲೇ ಸ್ವಲ್ಪ ಮರೆವು ಇದ್ದವರಿಗೆ ಡೆಲಿರಿಯಂ ಬೇಗ ತಗುಲುತ್ತದೆ. ಡೆಲಿರಿಯಂ ಬಂದವರಲ್ಲಿ ಮುಂದೆ ಮರೆವಿನ ಕಾಯಿಲೆ ಕಾಣಿಸಿಕೊಳ್ಳುವುದೂ ಉಳಿದವರಿಗಿಂತ ಜಾಸ್ತಿ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡಿದೆ. ಹಾಗಂತ ನಿಮ್ಮ ತಂದೆಗೂ ಬಂದೇ ಬರುತ್ತದೆ ಎಂದಲ್ಲ. ಬಿದ್ದ ದಿನಕ್ಕಿಂತ ಮುಂಚೆ ಅವರು ಹೇಗಿದ್ದರು ಎಂದು ನೆನಪು ಮಾಡಿಕೊಳ್ಳಿ. ಲೆಕ್ಕ ಸರಿಯಾಗಿ ಇಡುತ್ತಿದ್ದರಾ? ದಾರಿ ತಪ್ಪುತ್ತಿದ್ದರಾ? ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರಾ? ಇದನ್ನು ವೈದ್ಯರಿಗೆ ಹೇಳಿ. ಯಾವ ಸ್ಕ್ಯಾನ್ ಕೂಡ ಹೇಳದ ವಿಷಯ ಇದು.

ಹಾಗಾದರೆ ಯಾಕೆ ಬಂತು? ವಯಸ್ಸಾದ ಮೆದುಳು ಒಂದು ಭಾರ ತಡೆಯುತ್ತದೆ, ಎರಡು ತಡೆಯುತ್ತದೆ. ಐದಾರು ಒಟ್ಟಿಗೆ ಬಿದ್ದರೆ ಕುಸಿಯುತ್ತದೆ. ಹಾಗಾಗಿ ಒಂದೇ ಕಾರಣ ಹುಡುಕಬೇಡಿ. ಮೂಳೆ ಮುರಿತ, ನೋವು, ರಕ್ತ ಹೋಗಿರುವುದು, ನಿದ್ದೆ ಇಲ್ಲದ ರಾತ್ರಿಗಳು ಈಗಾಗಲೇ ಇವೆ. ಇವುಗಳ ಮೇಲೆ ಇನ್ನೇನು ಸೇರಿದೆ ಎಂದು ನೋಡಬೇಕು. ಮೂತ್ರದ ಅಥವಾ ಎದೆಯ ಸೋಂಕು ಇದೆಯಾ, ಆಮ್ಲಜನಕ ಕಡಿಮೆ ಇದೆಯಾ, ಸೋಡಿಯಂ ಏರುಪೇರಾಗಿದೆಯಾ, ಸಕ್ಕರೆ ಇಳಿದಿದೆಯಾ. ತುಂಬಾ ಸಾಮಾನ್ಯವಾದ, ಆದರೆ ಎಲ್ಲರೂ ಮರೆಯುವ ಎರಡು ಕಾರಣಗಳಿವೆ: ಮಲಬದ್ಧತೆ, ಮತ್ತು ಮೂತ್ರ ಕಟ್ಟಿಕೊಂಡಿರುವುದು. ಹೊಟ್ಟೆ ಉಬ್ಬಿ ಸಂಕಟಪಡುವವರಿಗೆ ಅದನ್ನು ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ, ಅದಕ್ಕೇ ಒದ್ದಾಡುತ್ತಾರೆ. ಆಪರೇಷನ್ ಆದ ಮೇಲೆ ಎಷ್ಟು ದಿನದಿಂದ ಮಲವಿಸರ್ಜನೆ ಆಗಿಲ್ಲ ಎಂದು ಇವತ್ತೇ ಲೆಕ್ಕ ಹಾಕಿ.

ಔಷಧಿಗಳ ಪಟ್ಟಿಯನ್ನೂ ಒಮ್ಮೆ ತಿರುಗಿ ನೋಡಲು ಕೇಳಿ. ನಿದ್ದೆ ಮಾತ್ರೆ, ಅಲರ್ಜಿಗೆ ಕೊಡುವ ಕೆಲವು ಮಂಪರು ಮಾತ್ರೆ, ಜೋರಾದ ನೋವಿನ ಔಷಧ, ಇವು ಮೆದುಳನ್ನು ಮಂಕು ಮಾಡುತ್ತವೆ. ಹಾಗಂತ ನೋವಿನ ಔಷಧವನ್ನೇ ನಿಲ್ಲಿಸಿ ಎಂದು ಹಟ ಹಿಡಿಯಬೇಡಿ, ಅಡಗದ ನೋವೂ ಡೆಲಿರಿಯಂ ತರುತ್ತದೆ. ಇದು ತೂಗಿ ನೋಡುವ ಕೆಲಸ, ಅದನ್ನು ವೈದ್ಯರಿಗೆ ಬಿಡಿ. ಇನ್ನೊಂದು ಮಾತು, ಸಂಕೋಚ ಬೇಡ. ಅವರಿಗೆ ದಿನಾ ಕುಡಿಯುವ ಅಭ್ಯಾಸ ಇತ್ತಾ? ವರ್ಷಗಟ್ಟಲೆ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರಾ? ಇದ್ದಕ್ಕಿದ್ದಂತೆ ನಿಂತಾಗ ಎರಡು ಮೂರು ದಿನದಲ್ಲಿ ಹುಳ ಕಾಣುವುದು, ನಡುಗುವುದು ಶುರುವಾಗುತ್ತದೆ. ಅದರ ಚಿಕಿತ್ಸೆಯೇ ಬೇರೆ, ತಡವಾದರೆ ಜೀವಕ್ಕೆ ಅಪಾಯ. ಮಕ್ಕಳು ಮರ್ಯಾದೆಗೆ ಅಂಜಿ ಇದನ್ನು ಮುಚ್ಚಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಕೈ ಕಟ್ಟಿದ್ದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ನೋವು ಗೊತ್ತಾಗುತ್ತದೆ. ರಾತ್ರಿ ಒಬ್ಬಿಬ್ಬರೇ ನರ್ಸ್‌ಗಳು ಇಡೀ ವಾರ್ಡ್ ನೋಡಿಕೊಳ್ಳುವಾಗ, ಡ್ರಿಪ್ ಕೀಳುವವರನ್ನು ಕಟ್ಟುವುದು ಬಿಟ್ಟು ಬೇರೆ ದಾರಿ ಅವರಿಗೆ ಕಾಣುವುದಿಲ್ಲ. ಅವರ ಮೇಲೆ ಸಿಟ್ಟಾಗಬೇಡಿ. ಆದರೆ ಕಟ್ಟುವುದರಿಂದ ಒಳ್ಳೆಯದಾಗುವುದಿಲ್ಲ ಎಂಬುದು ನಿಜ. ಶರನ್ ಇನೌಯಿ ಎಂಬ ವೈದ್ಯೆ ಈ ವಿಷಯದಲ್ಲಿ ಹತ್ತಾರು ವರ್ಷ ಕೆಲಸ ಮಾಡಿದವರು. ಆಸ್ಪತ್ರೆ ಸೇರಿದ ಮೇಲೆ ಡೆಲಿರಿಯಂ ತರುವ ಸಂಗತಿಗಳನ್ನು ಅವರು 1996ರಲ್ಲಿ ಪಟ್ಟಿ ಮಾಡಿದರು. ಕೈಕಾಲು ಕಟ್ಟುವುದು ಅದರಲ್ಲಿತ್ತು. ಮೂತ್ರದ ನಳಿಕೆ, ಹೊಸದಾಗಿ ಮೂರಕ್ಕಿಂತ ಹೆಚ್ಚು ಔಷಧ ಸೇರಿಸುವುದು, ಪೋಷಣೆ ಸಾಲದಿರುವುದು, ಚಿಕಿತ್ಸೆಯಿಂದಲೇ ಆಗುವ ತೊಂದರೆಗಳು ಕೂಡ ಇದ್ದವು. ಆದ್ದರಿಂದ ಎರಡು ಪ್ರಶ್ನೆ ಕೇಳಿ: "ಮೂತ್ರದ ನಳಿಕೆ ಇನ್ನೂ ಬೇಕಾ? ಡ್ರಿಪ್ ಇನ್ನೂ ಬೇಕಾ?" ಎಷ್ಟೋ ಸಲ ಅವು ತೆಗೆಯಲು ಮರೆತು ಉಳಿದಿರುತ್ತವೆ. ಕೀಳಲು ಏನೂ ಇಲ್ಲದಿದ್ದರೆ ಕಟ್ಟುವ ಪ್ರಶ್ನೆಯೂ ಇಲ್ಲ.

"ಒಂದು ಜೋರು ಇಂಜೆಕ್ಷನ್ ಕೊಟ್ಟು ಮಲಗಿಸಬಾರದಾ" ಎಂದು ಮನೆಯವರು ಕೇಳುವುದುಂಟು. ಡೆಲಿರಿಯಂಗೆ ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧ ಕೊಡುವುದು ಬಹಳ ಹಳೆಯ ರೂಢಿ. 2018ರಲ್ಲಿ ಐಸಿಯುಗಳಲ್ಲಿ ಡೆಲಿರಿಯಂ ಬಂದ 566 ಜನರ ಮೇಲೆ ನಡೆದ ಅಧ್ಯಯನದಲ್ಲಿ ಈ ಔಷಧ, ಇನ್ನೊಂದು ಅದೇ ಜಾತಿಯ ಔಷಧ, ಮತ್ತು ಔಷಧವೇ ಇಲ್ಲದ ಹುಸಿ ಇಂಜೆಕ್ಷನ್, ಮೂರನ್ನೂ ಹೋಲಿಸಿದರು. ಡೆಲಿರಿಯಂ ಇರುವ ದಿನಗಳು ಯಾವುದರಿಂದಲೂ ಕಡಿಮೆಯಾಗಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ, ಕೊನೆಗಾಲದ ಆರೈಕೆಯಲ್ಲಿದ್ದ 247 ಜನರ ಅಧ್ಯಯನದಲ್ಲಿ ಇಂಥ ಔಷಧ ಪಡೆದವರ ತೊಂದರೆ ಹುಸಿ ಔಷಧ ಪಡೆದವರಿಗಿಂತ ಜಾಸ್ತಿಯೇ ಇತ್ತು. ರೋಗಿ ತೀರಾ ಹೆದರಿ ನರಳುತ್ತಿದ್ದರೆ, ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳುವಂತಿದ್ದರೆ, ಕಡಿಮೆ ಪ್ರಮಾಣದಲ್ಲಿ ಸ್ವಲ್ಪ ದಿನಕ್ಕೆ ಕೊಡುವುದುಂಟು, ನಾನೂ ಕೊಟ್ಟಿದ್ದೇನೆ. ಅದು ಆ ಹೊತ್ತನ್ನು ದಾಟಿಸುವುದಕ್ಕೆ ಮಾತ್ರ, ಡೆಲಿರಿಯಂ ವಾಸಿ ಮಾಡುವುದಕ್ಕಲ್ಲ. ಪಾರ್ಕಿನ್ಸನ್ ಕಾಯಿಲೆ ಇದ್ದವರಿಗೆ ಹ್ಯಾಲೊಪೆರಿಡಾಲ್ ಕೊಡಲೇಬಾರದು. ಕೈ ನಡುಗುವುದು, ನಡಿಗೆ ನಿಧಾನವಾಗಿರುವುದು ಮೊದಲೇ ಇದ್ದರೆ ತಪ್ಪದೆ ತಿಳಿಸಿ.

ಹಾಗಾದರೆ ಕೆಲಸ ಮಾಡುವುದು ಯಾವುದು? ಕಾರಣ ಹುಡುಕಿ ಸರಿಪಡಿಸುವುದು. ಅದರ ಜೊತೆಗೆ, ನಂಬಲು ಕಷ್ಟವಾಗುವಷ್ಟು ಸರಳವಾದ ಕೆಲವು ಕೆಲಸಗಳು. ಇನೌಯಿ ಅವರ ತಂಡ 1999ರಲ್ಲಿ 70 ದಾಟಿದ 852 ರೋಗಿಗಳ ಅಧ್ಯಯನ ಪ್ರಕಟಿಸಿತು. ಒಂದು ಗುಂಪಿನವರ ಜೊತೆ ದಿನಾ ಮಾತಾಡಿ ದಿನ, ಜಾಗ ನೆನಪಿಸಿದರು. ಎಬ್ಬಿಸಿ ನಡೆಸಿದರು. ನೀರು ಕುಡಿಸಿದರು. ಕನ್ನಡಕ, ಕಿವಿಯ ಯಂತ್ರ ಹಾಕಿಸಿದರು. ರಾತ್ರಿ ಗದ್ದಲ ಕಡಿಮೆ ಮಾಡಿ ಮಾತ್ರೆ ಇಲ್ಲದೆ ಮಲಗಿಸಿದರು. ಡೆಲಿರಿಯಂ ಬಂದದ್ದು ಈ ಗುಂಪಿನಲ್ಲಿ ಶೇ 9.9, ಎಂದಿನ ಆರೈಕೆ ಪಡೆದವರಲ್ಲಿ ಶೇ 15. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಒಮ್ಮೆ ಶುರುವಾದ ಮೇಲೆ ಅದರ ತೀವ್ರತೆಯನ್ನು ಈ ಆರೈಕೆ ಅಷ್ಟಾಗಿ ಕಡಿಮೆ ಮಾಡಲಿಲ್ಲ. ತಡೆಯುವುದು ಸುಲಭ, ಬಂದ ಮೇಲೆ ಓಡಿಸುವುದು ಕಷ್ಟ. ಹಾಗಿದ್ದರೂ ಬಂದವರಿಗೂ ನಾವು ಇದನ್ನೇ ಮಾಡುತ್ತೇವೆ. ಇದರಿಂದ ಕೆಡುಕು ಇಲ್ಲ, ರೋಗಿಯ ಭಯ ಇಳಿಯುತ್ತದೆ, ಹೊಸ ಭಾರ ಬೀಳುವುದು ತಪ್ಪುತ್ತದೆ.

ನಿಮಗೆ ಇನ್ನೂ ಹತ್ತಿರದ್ದು ಚಿಲಿ ದೇಶದ ಅಧ್ಯಯನ. 2012ರಲ್ಲಿ ಪ್ರಕಟವಾಯಿತು, 287 ರೋಗಿಗಳು. ಅಲ್ಲಿ ಈ ಕೆಲಸ ಮಾಡಿದ್ದು ಮನೆಯವರೇ. ಅವರಿಗೆ ಡೆಲಿರಿಯಂ ಬಗ್ಗೆ ತಿಳಿಸಿ ಹೇಳಿದರು. ಹಾಸಿಗೆ ಹತ್ತಿರ ಗಡಿಯಾರ, ಕ್ಯಾಲೆಂಡರ್, ಮನೆಯ ಪರಿಚಿತ ವಸ್ತು ಇಟ್ಟರು. ಮನೆಯವರು ಜಾಸ್ತಿ ಹೊತ್ತು ಇರಲು ಬಿಟ್ಟರು. ಡೆಲಿರಿಯಂ ಶೇ 13.3 ಇದ್ದದ್ದು ಶೇ 5.6 ಆಯಿತು. ನನ್ನ ಅನುಭವವೂ ಇದೇ. ಎರಡು ದಿನ ಯಾರನ್ನೂ ಹತ್ತಿರ ಸೇರಿಸದೆ ಕಿರುಚಾಡಿದ ಒಬ್ಬ ಹಿರಿಯರ ಕಿವಿಯ ಯಂತ್ರ ಡ್ರಾಯರ್‌ನಲ್ಲಿ ಇತ್ತು. ಆಪರೇಷನ್‌ಗೆ ಹೋಗುವಾಗ ತೆಗೆದಿಟ್ಟದ್ದು. ಹಾಕಿದ ಮೇಲೆ ಮೊದಲ ಸಲ ಮುಖ ನೋಡಿ ಮಾತಾಡಿದರು.

ಆದ್ದರಿಂದ ಇವತ್ತು ಸಂಜೆಗೆ ಮುಂಚೆ ಹೋಗಿ. ಕನ್ನಡಕ, ಹಲ್ಲಿನ ಸೆಟ್ ತೆಗೆದುಕೊಂಡು ಹೋಗಿ. ಕತ್ತಲಾಗುವ ಹೊತ್ತಿಗೆ ಪಕ್ಕದಲ್ಲಿ ಪರಿಚಯದ ಮುಖ ಇರಲಿ, ಒಬ್ಬರೋ ಇಬ್ಬರೋ ಸಾಕು, ನೆಂಟರ ಗುಂಪು ಬೇಡ. ನಿಮ್ಮ ಹೆಸರು ನೀವೇ ಹೇಳಿ, "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. ವಾರದ ದಿನ ಹೇಳಿಸಿದ್ದು ಒಂದು ಸಲಕ್ಕೆ ಸಾಕು. ಹುಳ ಇದೆ ಎಂದರೆ ಇಲ್ಲ ಎಂದು ವಾದ ಮಾಡಬೇಡಿ, ಇದೆ ಎಂದು ಹೂಂಗುಟ್ಟಲೂ ಬೇಡಿ. "ನಿಮಗೆ ಭಯ ಆಗ್ತಿದೆ ಅಂತ ಗೊತ್ತಾಗುತ್ತೆ ಅಪ್ಪಾ, ನಾನು ಇಲ್ಲೇ ಇದ್ದೀನಿ" ಅಂದರೆ ಸಾಕು. ಹಗಲು ಕಿಟಕಿ ತೆರೆದಿರಲಿ. ಫಿಸಿಯೋಥೆರಪಿಯವರು ಒಪ್ಪಿದ ಕೂಡಲೇ ಕುರ್ಚಿಯಲ್ಲಿ ಕೂರಿಸಿ. ಡಾಕ್ಟರಿಗೆ ಹೇಳುವಾಗ "ಒಂಥರಾ ಇದ್ದಾರೆ" ಎನ್ನುವ ಬದಲು, ಯಾವತ್ತಿನಿಂದ, ಯಾವ ಹೊತ್ತಿನಲ್ಲಿ, ಮೊದಲು ಹೇಗಿದ್ದರು ಎಂದು ಬಿಡಿಸಿ ಹೇಳಿ. ರೋಗಿ ಈಚೆಗೆ ಹೆಚ್ಚು ಗೊಂದಲದಲ್ಲಿದ್ದಾರಾ ಎಂದು ಮನೆಯವರನ್ನು ಕೇಳುವ ಒಂದೇ ಪ್ರಶ್ನೆಯನ್ನೂ ಡೆಲಿರಿಯಂ ಪರೀಕ್ಷೆಯಾಗಿ ಬಳಸುತ್ತಾರೆ. ನಿಮ್ಮ ಮಾತಿಗೆ ಅಷ್ಟು ಬೆಲೆ ಇದೆ.

ಇನ್ನು ಸಹಿ. ಮೇಲೆ ನಾನು ಹೇಳಿದ ಪ್ರತಿಯೊಂದು ಅಂಕಿಯ ಹಿಂದೆ ನಿಮ್ಮ ತಂದೆಯಂಥ ರೋಗಿಗಳಿದ್ದಾರೆ. ಅವರ ಮನೆಯವರಲ್ಲಿ ಎಷ್ಟೋ ಜನ ನಿಮ್ಮ ಹಾಗೆಯೇ ಪತ್ರ ಹಿಡಿದು ಯೋಚಿಸಿರುತ್ತಾರೆ. ಆ ಋಣ ನನಗೆ ಗೊತ್ತು. ಆದರೂ ಸಹಿ ಹಾಕಿ ಎಂದು ನಾನು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ನಿರ್ಧಾರಕ್ಕೆ ಬೇಕಾದ್ದನ್ನು ಮಾತ್ರ ಹೇಳುತ್ತೇನೆ.

ಬೇಡ ಅಂದರೆ ಚಿಕಿತ್ಸೆ ಕಡಿಮೆ ಮಾಡುವಂತಿಲ್ಲ. ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಒಪ್ಪಿದ ಹೆಲ್ಸಿಂಕಿ ಘೋಷಣೆ ಇಂಥ ಅಧ್ಯಯನಗಳಿಗೆಲ್ಲ ತಳಹದಿ. ಒಪ್ಪದಿದ್ದರೆ, ಅಥವಾ ಒಪ್ಪಿ ನಡುವೆ ಹೊರಬಂದರೆ, ರೋಗಿ ಮತ್ತು ವೈದ್ಯರ ಸಂಬಂಧಕ್ಕೆ ಧಕ್ಕೆ ಬರಬಾರದು ಎಂದು ಈಗಿನ ಅದರ ರೂಪ ಸ್ಪಷ್ಟವಾಗಿ ಹೇಳುತ್ತದೆ. ರೋಗಿಗೆ ತಾನೇ ಒಪ್ಪಿಗೆ ಕೊಡುವ ಸ್ಥಿತಿ ಇಲ್ಲದಾಗ ಕಾನೂನು ಒಪ್ಪುವ ಪ್ರತಿನಿಧಿಯಿಂದ ಸಮ್ಮತಿ ಪಡೆಯಬೇಕು ಎಂದೂ ಹೇಳುತ್ತದೆ. ಯಾರು ಆ ಪ್ರತಿನಿಧಿ ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ, ಅದನ್ನು ತಂಡದವರನ್ನೇ ಕೇಳಿ.

ಮೊದಲ ಪ್ರಶ್ನೆ ಇದಿರಲಿ: ಇದು ಬರೀ ಗಮನಿಸುವ ಅಧ್ಯಯನವಾ, ಔಷಧ ಕೊಡುವ ಅಧ್ಯಯನವಾ? ಗಮನಿಸುವುದಷ್ಟೇ ಆದರೆ ಪ್ರಶ್ನೆಗಳು, ಸ್ವಲ್ಪ ರಕ್ತ, ಇಷ್ಟರಲ್ಲಿ ಮುಗಿಯುತ್ತದೆ. ಔಷಧದ್ದು ಎಂದು ನೀವು ಬರೆದಿದ್ದೀರಿ. ಹಾಗಾದರೆ ಇದು ನಿಮ್ಮ ತಂದೆಗೆ ಹೊಸ ಚಿಕಿತ್ಸೆ ಸಿಗುವ ದಾರಿ ಎಂದುಕೊಂಡು ಸಹಿ ಹಾಕಬೇಡಿ. ಆ ಔಷಧ ಕೆಲಸ ಮಾಡುತ್ತದಾ ಎಂಬುದು ಗೊತ್ತಿಲ್ಲದ್ದರಿಂದಲೇ ಅಧ್ಯಯನ ನಡೆಯುತ್ತಿದೆ. ಅವರಿಗೆ ಹುಸಿ ಔಷಧವೂ ಸಿಗಬಹುದು. ಹುಸಿ ಔಷಧ ಅಂದರೆ ಕೈಬಿಟ್ಟಂತಲ್ಲವಾ ಎಂದು ನಿಮಗೆ ಅನ್ನಿಸಬಹುದು. ನೆದರ್ಲೆಂಡ್ಸ್‌ನಲ್ಲಿ ನಡೆದದ್ದನ್ನು ಕೇಳಿ. ಮರೆವಿನ ಕಾಯಿಲೆಗೆ ಬಳಸುವ ರಿವಾಸ್ಟಿಗ್ಮಿನ್ ಐಸಿಯು ಡೆಲಿರಿಯಂಗೂ ಒಳ್ಳೆಯದು ಎಂದು ಆಗ ಹಲವರಿಗೆ ಅನ್ನಿಸಿತ್ತು. ಅಧ್ಯಯನ 104 ಜನರಿಗೆ ಬಂದಾಗ ಲೆಕ್ಕ ನೋಡಿದರು. ಔಷಧ ಪಡೆದ 54 ಜನರಲ್ಲಿ 12 ಮಂದಿ, ಹುಸಿ ಔಷಧ ಪಡೆದ 50 ಜನರಲ್ಲಿ 4 ಮಂದಿ ತೀರಿಕೊಂಡಿದ್ದರು. ಸಂಖ್ಯೆ ಚಿಕ್ಕದು, ಆಕಸ್ಮಿಕವೂ ಇರಬಹುದಿತ್ತು. ಆದರೂ ಅಲ್ಲಿಗೇ ನಿಲ್ಲಿಸಿಬಿಟ್ಟರು. 2010ರಲ್ಲಿ ಅದು ಪ್ರಕಟವಾಯಿತು. ಹೋಲಿಸಲು ಆ ಗುಂಪು ಇಲ್ಲದಿದ್ದರೆ ವೈದ್ಯರು ಒಳ್ಳೆಯದೇ ಮಾಡುತ್ತಿದ್ದೇವೆ ಎಂದುಕೊಂಡು ಆ ಔಷಧ ಕೊಡುತ್ತಲೇ ಇರುತ್ತಿದ್ದರು. ಅಧ್ಯಯನದಲ್ಲಿ ಅಪಾಯ ಇದೆ ಎಂಬುದಕ್ಕೂ, ಕಾವಲು ಇದ್ದರೆ ಅದು ಬೇಗ ಬಯಲಾಗುತ್ತದೆ ಎಂಬುದಕ್ಕೂ ನಾನು ಇದನ್ನೇ ಉದಾಹರಣೆ ಕೊಡುತ್ತೇನೆ.

ಹಾಗಾಗಿ ಕೇಳಿ. ರೋಗಿಗಳ ಹಿತ, ಹಕ್ಕು ನೋಡುವ ಎಥಿಕ್ಸ್ ಕಮಿಟಿ ಇದನ್ನು ಒಪ್ಪಿದೆಯಾ? ನಡುವೆ ಲೆಕ್ಕ ನೋಡಿ ನಿಲ್ಲಿಸುವ ಅಧಿಕಾರ ಇರುವ ಬೇರೆ ತಂಡ ಇದೆಯಾ? ಈ ಔಷಧದಿಂದ ಹೃದಯಕ್ಕೆ, ಉಸಿರಾಟಕ್ಕೆ ಏನಾಗಬಹುದು? ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು? ಸೋಂಕು, ಮಲಬದ್ಧತೆ, ನೋವು ಇವನ್ನು ನೋಡುವ ಎಂದಿನ ಆರೈಕೆ ಎರಡೂ ಗುಂಪಿಗೆ ಪೂರ್ತಿ ಸಿಗುತ್ತದಾ? ಈ ಕೊನೆಯದಕ್ಕೆ ಉತ್ತರ ತೊದಲಿದರೆ ನಾನಾಗಿದ್ದರೆ ಸಹಿ ಹಾಕುವುದಿಲ್ಲ. ಒಳ್ಳೆಯ ತಂಡ ಕೂತು ಉತ್ತರ ಹೇಳುತ್ತದೆ, ಪತ್ರ ಓದಲು ಸಮಯ ಕೊಡುತ್ತದೆ. ಅವಸರ ಮಾಡಿದರೆ ಬೇಡ ಅನ್ನಲು ಅದೊಂದೇ ಸಾಕು.

ಯೋಚಿಸುವಾಗ ನಿಮಗೇನು ಬೇಕು ಎಂದು ಕೇಳಿಕೊಳ್ಳಬೇಡಿ, ಅಪ್ಪ ಸರಿಯಿದ್ದಿದ್ದರೆ ಏನು ಅನ್ನುತ್ತಿದ್ದರು ಎಂದು ಯೋಚಿಸಿ. "ನಾಲ್ಕು ಜನಕ್ಕೆ ಉಪಯೋಗವಾಗಲಿ" ಎನ್ನುವವರಾ, "ನನ್ನ ಮೈ ತಂಟೆಗೆ ಬರಬೇಡಿ" ಎನ್ನುವವರಾ, ನಿಮಗೆ ಗೊತ್ತಿರುತ್ತದೆ.

ವಾಸಿಯಾಗುವ ಬಗ್ಗೆ ನೀವು ಕೇಳಿಲ್ಲ, ಬಹುಶಃ ಕೇಳಲು ಭಯ. ಬಹಳ ಜನರಲ್ಲಿ ಕಾರಣ ಸರಿಯಾದ ಮೇಲೆ ದಿನಗಳಲ್ಲೋ ವಾರಗಳಲ್ಲೋ ತಿಳಿಯಾಗುತ್ತದೆ. ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮನೆಗೆ ಹೋಗುವಾಗ ಡಿಸ್ಚಾರ್ಜ್ ಪತ್ರದಲ್ಲಿ "ಡೆಲಿರಿಯಂ ಬಂದಿತ್ತು" ಎಂದು ಬರೆಸಿಕೊಳ್ಳಿ, ಮುಂದಿನ ಸಲ ಆಸ್ಪತ್ರೆಗೆ ಸೇರಿದರೆ ಮೊದಲ ದಿನದಿಂದಲೇ ಎಚ್ಚರ ವಹಿಸುತ್ತಾರೆ. ಎರಡು ಮೂರು ತಿಂಗಳ ನಂತರ ನೆನಪಿನ ಪರೀಕ್ಷೆ ಮಾಡಿಸಿ, ಈಗ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಸರಿಯಾದ ಮೇಲೆ ಕೆಲವರಿಗೆ ಆ ರಾತ್ರಿಗಳು ನೆನಪಿರುತ್ತವೆ, ಕಟ್ಟಿದ್ದು, ಹುಳ, ಎಲ್ಲ. ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ನೀವೇ ಮಾತು ತೆಗೆಯಿರಿ, ಅದು ಕಾಯಿಲೆ ಆಡಿಸಿದ್ದು ಎಂದು ತಿಳಿಸಿ.

ಒಂದು ವೇಳೆ ನೀವು ಸಹಿ ಹಾಕಿದ್ದರೆ, ಅವರ ತಲೆ ತಿಳಿಯಾದ ದಿನವೇ ಆ ಪತ್ರವನ್ನು ಅವರ ಮುಂದಿಡಬೇಕು. ತಂಡದವರು ಮರೆತರೂ ನೀವು ನೆನಪಿಸಿ. ಮುಂದುವರಿಯುವುದು ಬಿಡುವುದು ಆಗ ಅವರ ಇಷ್ಟ. ಬೇಡ ಅಂದರೆ ಒಂದು ಮಾತೂ ಎದುರಾಡದೆ ಅಲ್ಲಿಗೇ ನಿಲ್ಲಿಸಿಬಿಡಿ.